ಸ್ಕೂಟರಿಗೆ ಟೋಲ್ ಇಲ್ಲ, ಹಂಗಂತ ಕೇರಿಗೆ ಟೋಲ್ ಇಲ್ಲೇನು?



ಟೋಲ್ ವಿಷಯ ತೆಗೆದಾಗೆಲ್ಲ ನಮ್ಮ ಹುಡುಗರೇ ನನಗ ಒಂದು ಮಾತು ಕೇಳ್ತಾರ. “ಅಣ್ಣಾ, ನಿನ್ನ ಬಲ್ಲಿ ಇರೋದು ಒಂದು ಸ್ಕೂಟರ್. ಸ್ಕೂಟರಿಗೆ ಟೋಲ್ ಇಲ್ಲ. ಟೋಲ್ ಕಟ್ಟೋರು ಕಾರಿನವರು, ಲಾರಿ ಮಾಲಕರು. ಉಳ್ಳವರ ಜಗಳದಾಗ ನಾವ್ಯಾಕ ಬೀಳಬೇಕು? ನಮಗ ಸ್ಮಶಾನ, ಹಾಸ್ಟೆಲ್, ಅಟ್ರಾಸಿಟಿ ಕೇಸು ಇವೇ ಬಾಳ ಅದಾವ.” ಮಾತು ಕೇಳಲಿಕ್ಕೆ ಬರಾಬರ್ ಕಾಣಿಸ್ತದ. ಆದರೆ ಸರ್ಕಾರಿ ರಸ್ತೆ ಖಾಸಗಿ ಒಪ್ಪಂದದ ರಸ್ತೆ ಆದಾಗ, ಅದರ ಜೊತೆಗೆ ಏನೇನು ನಮ್ಮ ಕೈ ಬಿಟ್ಟು ಹೋಗ್ತದ ಅನ್ನೋದನ್ನ ಈ ಮಾತು ಲೆಕ್ಕಕ್ಕೇ ಹಿಡಿಯೋದಿಲ್ಲ. ಇವತ್ತು ಕಚೇರಿಗೆ ರಜೆ, ಆ ಲೆಕ್ಕ ಹಾಕೋಣ ಬರ್ರಿ. ಉದ್ದ ಆಗ್ತದ, ಸಾವಕಾಶ ಓದ್ರಿ.

ಮೊದಲು ಸ್ಕೂಟರಿನ ಮಾತೇ ಮುಗಿಸೋಣ. 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳ ಪ್ರಕಾರ ಬೈಕು, ಆಟೊ, ಟ್ರ್ಯಾಕ್ಟರ್, ಎತ್ತಿನ ಬಂಡಿಗೆ ಟೋಲ್ ಇಲ್ಲ, ಖರೆ. ಬೆಂಗಳೂರು–ಮೈಸೂರು ರಸ್ತೆಗೆ ಏನಾಯಿತು ನೋಡ್ರಿ. 118 ಕಿ.ಮೀ., ಸುಮಾರು 8,480 ಕೋಟಿ ರೂಪಾಯಿ, 2023ರ ಮಾರ್ಚ್ 12ರಂದು ಪ್ರಧಾನಿ ಮಂಡ್ಯಕ್ಕೆ ಬಂದು ಉದ್ಘಾಟನೆ ಮಾಡಿದರು. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರಿಗೆ ಆ ಮುಖ್ಯ ರಸ್ತೆಗೆ ಪ್ರವೇಶವೇ ಬಂದ್ ಆಯಿತು. ಅಪಘಾತ ಬಾಳ ಆಗ್ಲಿಕತ್ತಿದ್ದವು ಅಂತ ಕಾರಣ ಕೊಟ್ಟರು, ಆ ಕಾರಣ ಸುಳ್ಳಲ್ಲ. ಆದರೂ ಬೈಕಿನವನಿಗೆ ಟೋಲ್ ಇಲ್ಲ ಅಂತ ಹೇಳುತ್ತ ಹೇಳುತ್ತ ರಸ್ತೆಯೇ ಇಲ್ಲ ಅಂತ ಆಗಿಬಿಟ್ಟಿತು.

ಇನ್ನು ಬೈಕಿನವನು ಏನೂ ಕೊಡೋದಿಲ್ಲ ಅನ್ನೋದೂ ಸುಳ್ಳು. ಪೆಟ್ರೋಲಿನ ಪ್ರತಿ ಲೀಟರಿನಾಗ ರಸ್ತೆ ಸೆಸ್ ಅದ, ಬೈಕು ಕೊಂಡ ದಿನವೇ ಆಜೀವ ತೆರಿಗೆ ಕಟ್ಟಿರ್ತಾನ. ಬಸ್ಸಿನವರು ಟೋಲನ್ನು ‘ಬಳಕೆದಾರರ ಶುಲ್ಕ’ ಅಂತ ಹೆಸರಿಟ್ಟು ಟಿಕೆಟಿಗೇ ಸೇರಿಸ್ತಾರ. ಮೈಸೂರು ರಸ್ತೆ ಚಾಲೂ ಆದ ತಿಂಗಳೇ ಕೆಎಸ್‌ಆರ್‌ಟಿಸಿ ಸಾದಾ ಬಸ್ಸಿಗೆ 15, ರಾಜಹಂಸಕ್ಕೆ 18, ಮಲ್ಟಿ ಆಕ್ಸಲ್ ಬಸ್ಸಿಗೆ 20 ರೂಪಾಯಿ ಹೆಚ್ಚಿಗೆ ತಗೊಂಡಿತು. ಶಕ್ತಿ ಯೋಜನೆಯಿಂದ ನಮ್ಮ ಹೆಣ್ಮಕ್ಕಳ ಟಿಕೆಟ್ ಸೊನ್ನೆ ಆಯಿತಲ್ಲ ಅಂತೀರಿ. ಅದು ರಾಜ್ಯದ ಒಳಗ ಮಾತ್ರ. ಹೈದರಾಬಾದಿಗೆ ಇಟ್ಟಂಗಿ ಹೊರಲಿಕ್ಕೆ ಹೋಗೋ ಹೆಣ್ಮಗಳು ಪೂರಾ ಟಿಕೆಟ್ ತಗೊಂಡೇ ಹೋಗಬೇಕು. ಲಾರಿ ಲೆಕ್ಕ ಬ್ಯಾರೇನೇ ಅದ. 2008ರ ನಿಯಮದಾಗ ಕಿ.ಮೀ.ಗೆ ಕಾರಿಗೆ 65 ಪೈಸೆ, ಲಾರಿಗೆ 2 ರೂಪಾಯಿ 20 ಪೈಸೆ ಅಂತ ಮೂಲದರ ಹಾಕಿದ್ದರು, ಅಂದ್ರ ಮೂರು ಪಟ್ಟಿಗಿಂತ ಹೆಚ್ಚು. ಅದರ ಮೇಲೆ ಪ್ರತಿ ವರ್ಷ ಕಣ್ಣು ಮುಚ್ಚಿ ಶೇ 3, ಜೊತೆಗೆ ಸಗಟು ಬೆಲೆ ಏರಿಕೆಯ ಶೇ 40. ಔರಾದಿನ ತೊಗರಿ ಹೈದರಾಬಾದಿಗೆ ಹೋಗುವಾಗ ಲಾರಿ ಮಾಲಕ ಆ ರೊಕ್ಕ ತನ್ನ ಜೇಬಿನಿಂದ ಕಟ್ತಾನೇನು? ದಲ್ಲಾಳಿ ರೈತನ ರೇಟಿನಾಗ ಕಡಿತಾನ, ಕಿರಾಣಿಯವ ನಮ್ಮ ಬ್ಯಾಳಿ ರೇಟಿನಾಗ ಕೂಡಿಸ್ತಾನ. ಕೂಲಿಕಾರನಿಗೆ ಎರಡೂ ಕಡೆ ಹೊಡೆತ.

ಈಗ ನಮ್ಮ ಹುಡುಗರ ಹೊಟ್ಟೆಪಾಡಿನ ವಿಷಯಕ್ಕೆ ಬರ್ತೀನಿ, ಯಾಕಂದ್ರ ನನಗ ಹೆಚ್ಚು ಸಿಟ್ಟು ಬರೋದು ಇಲ್ಲೇ. ರಾಜ್ಯ ಸರ್ಕಾರದ ಸ್ವಾವಲಂಬಿ ಸಾರಥಿ ಯೋಜನೆ ನಿಮಗೆಲ್ಲ ಗೊತ್ತದ. ಪರಿಶಿಷ್ಟ ಜಾತಿಯ ನಿರುದ್ಯೋಗಿ ಯುವಕ ಟ್ಯಾಕ್ಸಿ ಅಥವಾ ಸರಕು ವಾಹನ ತಗೊಂಡ್ರ ಶೇ 75ರಷ್ಟು, ಗರಿಷ್ಠ 4 ಲಕ್ಷ ರೂಪಾಯಿ ಸಹಾಯಧನ. ಒಳ್ಳೆ ಯೋಜನೆ. ಅರ್ಜಿ ಹಾಕಿಸಲಿಕ್ಕೆ ನಾನೂ ಓಡಾಡೀನಿ. ಹುಡುಗ ಹಳದಿ ಬೋರ್ಡಿನ ಗಾಡಿ ತಗೊಂಡು, ಬೆಂಡಿಗೆ ನಿಂಬೆಕಾಯಿ ಕಟ್ಟಿ, ಗಾಜಿನ ಮೇಲೆ ಬಾಬಾಸಾಹೇಬರ ಫೋಟೊ ಹಚ್ಚಿ ರಸ್ತೆಗೆ ಇಳಿತಾನ. ಬೀದರದಾಗ ಟ್ಯಾಕ್ಸಿಗೆ ದೊಡ್ಡ ಗಿರಾಕಿ ಅಂದ್ರ ರೋಗಿಗಳು. ಬ್ರಿಮ್ಸ್‌ನಿಂದ ‘ಹೈದರಾಬಾದಿಗೆ ಒಯ್ರಿ’ ಅಂತ ಚೀಟಿ ಬರೆದು ಕೊಟ್ಟವರು. ಗಾಡಿ ಜಹೀರಾಬಾದಿನಾಗ 65ನೇ ಹೆದ್ದಾರಿ ಹಿಡಿದು ಹೋದ್ರ, ಸಂಗಾರೆಡ್ಡಿ ಜಿಲ್ಲೆಯ ಕಮಕೋಲ್ ಟೋಲ್ ಬರ್ತದ.

ಅಲ್ಲಿ ಆ ಹುಡುಗನ ಕೈಗೆ ಯಾವ ರಿಯಾಯಿತಿ ಸಿಗ್ತದ ಹೇಳ್ರಿ. ಟೋಲಿನಿಂದ 20 ಕಿ.ಮೀ. ಒಳಗಿನವರಿಗೆ ತಿಂಗಳ ಪಾಸ್ ಅದ, ಅದು ಸ್ವಂತ ಬಳಕೆಯ ಬಿಳಿ ಬೋರ್ಡಿಗೆ. ವಾಣಿಜ್ಯ ವಾಹನಕ್ಕೆ ಅರ್ಧ ದರ ಅದ, ಅದು ಟೋಲ್ ಇರುವ ಜಿಲ್ಲೆಯೊಳಗೇ ನೋಂದಣಿ ಆಗಿದ್ದರೆ. ಕೆಎ 38 ಬೀದರದ್ದು, ಕೆಎ 39 ಭಾಲ್ಕಿದು, ಸಂಗಾರೆಡ್ಡಿದು ಅಲ್ಲ. 2025ರ ಆಗಸ್ಟ್ 15ರಿಂದ 3,000 ರೂಪಾಯಿಗೆ 200 ಟ್ರಿಪ್ಪಿನ ವಾರ್ಷಿಕ ಫಾಸ್ಟ್ಯಾಗ್ ಪಾಸ್ ಬಂತು. ಪೇಪರಿನಾಗ ‘ಜನಸಾಮಾನ್ಯರಿಗೆ ಕೊಡುಗೆ’ ಅಂತ ಓದಿದೆ. ಅದೂ ಖಾಸಗಿ ಕಾರು, ಜೀಪು, ವ್ಯಾನಿಗೆ ಮಾತ್ರ. ಅಂದ್ರ ಶನಿವಾರ ಹೈದರಾಬಾದಿಗೆ ಸಿನಿಮಾ ನೋಡಲಿಕ್ಕೆ ಹೋಗೋ ಡಾಕ್ಟರ್ ಸಾಹೇಬರ ಕಾರಿಗೆ ಟ್ರಿಪ್ಪಿಗೆ 15 ರೂಪಾಯಿ ಬಿದ್ರ, ಅವರ ರೋಗಿಯನ್ನೇ ಒಯ್ಯುವ ನಮ್ಮ ಹುಡುಗನ ಗಾಡಿಗೆ ಪೂರಾ ಟೋಲ್. ಒಂದು ಕೈಯಾಗ ಸರ್ಕಾರ 4 ಲಕ್ಷ ಕೊಡ್ತದ, ಇನ್ನೊಂದು ಕಡೆ ರಸ್ತೆ ಮೇಲೆ ಕೊಸರಿ ಕೊಸರಿ ವಾಪಸ್ ತಗೊಳ್ತದ. ಆಂಬ್ಯುಲೆನ್ಸಿಗೆ, ಹೆಣ ಒಯ್ಯುವ ವಾಹನಕ್ಕೆ ಟೋಲ್ ಇಲ್ಲ. ಆಂಬ್ಯುಲೆನ್ಸ್ ಸಿಗದ ಬಡವ ಟ್ಯಾಕ್ಸಿಯಾಗ ಜೀವಂತ ಹೋದ್ರ ಟೋಲ್ ಅದ. ಮತ್ತ ಯಾರಿಗೆ ಮಾಫಿ ಅಂತ ಬೋರ್ಡ್ ಓದ್ರಿ: ಸಂಸದರಿಗೆ ಮಾಫಿ, ತಮ್ಮ ರಾಜ್ಯದೊಳಗ ಶಾಸಕರಿಗೆ ಮಾಫಿ. ಟೋಲಿನ ಕಾಯ್ದೆ ಮಾಡೋರಿಗೇ ಟೋಲ್ ಇಲ್ಲ.

ಇದು ದರದ ಮಾತಾಯ್ತು. ಒಪ್ಪಂದದ ಒಳಗೆ ಕೈ ಹಾಕಿದ್ರ ಇನ್ನೂ ಬ್ಯಾರೆ ಸಂಗತಿ ಹೊರಬೀಳ್ತಾವ. ನನ್ನದು ಫೈಲು ಓದುವ ನೌಕರಿ, ಹಂಗಾಗಿ ಷರತ್ತುಗಳನ್ನ ಕೊನೇ ಪುಟದ ತನಕ ಓದೋ ಚಟ ಅದ.

ನಮ್ಮ ಜಿಲ್ಲೆಯ ಮನ್ನಾಎಖ್ಖೆಳ್ಳಿ, ಹುಮನಾಬಾದ್, ರಾಜೇಶ್ವರ ಮೇಲೆ ಹಾಯ್ದು ಹೋಗೋ 65ನೇ ಹೆದ್ದಾರಿ ಹಿಂದೆ 9ನೇ ನಂಬರಿಂದು. ಸಂಗಾರೆಡ್ಡಿಯಿಂದ ಮಹಾರಾಷ್ಟ್ರ ಗಡಿ ತನಕ ನಾಲ್ಕು ಪಥ ಆಗಿದ್ದು ಸರ್ಕಾರಿ–ಖಾಸಗಿ ಸಹಭಾಗಿತ್ವದಾಗ. ವಿನ್ಯಾಸ ಮಾಡು, ಕಟ್ಟು, ರೊಕ್ಕ ಹೂಡು, ನಡೆಸು, ವರ್ಷಗಳ ತನಕ ಟೋಲ್ ಎತ್ತು, ಆಮೇಲೆ ವಾಪಸ್ ಕೊಡು. ಕಂಪನಿ ನಷ್ಟದ ಅಪಾಯ ತಲೆ ಮೇಲೆ ಹೊತ್ತುಕೊಳ್ತದ, ಅದಕ್ಕೇ ಲಾಭ ಅದರದ್ದು ಅಂತ ನಮಗೆ ಹೇಳ್ತಾರ. ಇಂಥ ರಸ್ತೆಗಳಿಗಂತ ಕೇಂದ್ರ ಸರ್ಕಾರ ತಯಾರು ಮಾಡಿದ ಮಾದರಿ ಒಪ್ಪಂದದಾಗ ಒಂದು ಷರತ್ತು ಅದ. ಗಾಡಿಗಳ ಸಂಖ್ಯೆ ಅಂದಾಜಿಗಿಂತ ಶೇ 1 ಕಡಿಮೆ ಆದ್ರ, ಟೋಲ್ ಅವಧಿ ಶೇ 1.5 ಹೆಚ್ಚಾಗ್ತದ, ಶೇ 20ರ ತನಕ. ಗಾಡಿಗಳು ಶೇ 1 ಹೆಚ್ಚು ಬಂದ್ರ? ಅವಧಿ ಕಡಿಮೆ ಆಗೋದು ಶೇ 0.75 ಮಾತ್ರ, ಅದೂ ಶೇ 10 ದಾಟಂಗಿಲ್ಲ. ತಕ್ಕಡಿ ಯಾವ ಕಡೆ ವಾಲ್ಯಾದ ಅಂತ ಮೂರನೇ ಇಯತ್ತಿನ ಹುಡುಗನೂ ಹೇಳ್ತಾನ. ಕಂಪನಿ ತಾನೇ ತಪ್ಪು ಮಾಡಿ ಒಪ್ಪಂದ ಮುರಿದುಬಿದ್ರೂ ಬ್ಯಾಂಕಿನ ಸಾಲದಾಗ ಶೇ 90 ಸರ್ಕಾರ ತೀರಿಸಬೇಕು. ಆ ಬ್ಯಾಂಕುಗಳೂ ಹೆಚ್ಚಾಗಿ ಸರ್ಕಾರಿ ಬ್ಯಾಂಕುಗಳೇ, ಅಂದ್ರ ನಮ್ಮ ನಿಮ್ಮ ಪಾಸ್‌ಬುಕ್ಕಿನ ರೊಕ್ಕ.

2016ರಾಗ ನೋಟ್ ಬಂದಿ ಆದಾಗ ನವೆಂಬರ್ 9ರಿಂದ ಡಿಸೆಂಬರ್ 2ರ ತನಕ ಟೋಲ್ ಬಂದ್ ಇತ್ತು, ಕಂಪನಿಗಳಿಗೆ ಪರಿಹಾರ ಸಿಕ್ಕಿತು. ಎಟಿಎಂ ಮುಂದೆ ಸರತಿಯಾಗ ನಿಂತು ಕೂಲಿ ಕಳಕೊಂಡವರಿಗೆ ಯಾರೂ ಪರಿಹಾರ ಕೊಡಲಿಲ್ಲ. 2020ರ ಲಾಕ್‌ಡೌನಿನಾಗ ಮಾರ್ಚ್ 25ರಿಂದ ಏಪ್ರಿಲ್ 19ರ ತನಕ ಟೋಲ್ ನಿಂತಿತು. ಕೇಂದ್ರ ಸರ್ಕಾರ ಗುತ್ತಿಗೆಗಳ ಅವಧಿಯನ್ನ ಆರು ತಿಂಗಳ ತನಕ ವಿಸ್ತರಿಸಲಿಕ್ಕೆ ಒಪ್ಪಿಕೊಂಡಿತು, ಅದರಾಗ ಸಹಭಾಗಿತ್ವದ ಒಪ್ಪಂದಗಳೂ ಬಂದವು. ಅದೇ ದಿನಗಳಾಗ ಅದೇ ಹೆದ್ದಾರಿಗಳ ಮೇಲೆ ನಮ್ಮ ಮಂದಿ ಹೈದರಾಬಾದಿನಿಂದ, ಪುಣೆಯಿಂದ ಕೂಸು ಕಂಕುಳಾಗ ಇಟ್ಕೊಂಡು ನಡೆದು ಬಂದರು. ಅವರ ಜೀವನದ ಆರು ತಿಂಗಳು ವಿಸ್ತರಿಸಲಿಕ್ಕೆ ಯಾವ ಕಲಮೂ ಇರಲಿಲ್ಲ.

ಈಗ ನೌಕರಿ. ನನಗ ಅನಿಸೋ ಮಟ್ಟಿಗೆ ನಮ್ಮ ದೊಡ್ಡ ಗಂಟು ಕಳೆದುಹೋಗಿದ್ದು ಇಲ್ಲೇ, ಅದೂ ಗದ್ದಲ ಇಲ್ಲದೆ. ನಮ್ಮ ಕೇರಿಯೊಳಗ ತಿಂಗಳಾ ತಿಂಗಳಾ ಪಗಾರ ಬಂದ ಮೊದಲ ಮನಿ ಲೋಕೋಪಯೋಗಿ ಇಲಾಖೆಯ ಗ್ಯಾಂಗ್‌ಮನ್ ಮನಿ. ಬಿಸಿಲಾಗ ಡಾಂಬರು ಕಾಸಿ, ಗುಂಡಿ ಮುಚ್ಚಿ, ರಸ್ತೆ ಬದಿಯ ಜಾಲಿ ಕಡಿದು ಜೀವ ತೇಯ್ದವರು. ಕೆಲಸ ಕೀಳು ಅಂತ ಊರು ತಿಳ್ಕೊಂಡಿತ್ತು, ಆದರೆ ಕಾಯಂ ಆದ ಮೇಲೆ ಸರ್ವೀಸ್ ಪುಸ್ತಕ ಇತ್ತು, ಪಿಂಚಣಿ ಇತ್ತು, ಅವನು ಸತ್ರ ಮಗನಿಗೆ ಅನುಕಂಪದ ನೌಕರಿ ಇತ್ತು. ಆ ಪಗಾರದ ಮೇಲೆ ಮಾಸ್ತರರು, ನರ್ಸುಗಳು, ನನ್ನಂಥ ಗುಮಾಸ್ತರು ತಯಾರಾದರು. ಈಗ ಅದೇ ಗುಂಡಿ ಮುಚ್ಚೋ ಕೆಲಸ ನಮ್ಮ ಮಂದಿಯೇ ಮಾಡ್ತಾರ, ಕಂಪನಿಯ ಗುತ್ತಿಗೆದಾರನ ಉಪಗುತ್ತಿಗೆದಾರನ ಹತ್ತಿರ. ಕೈಯಾಗ ಹಸಿರು ಜಾಕೆಟ್ ಅದ, ಸರ್ವೀಸ್ ಪುಸ್ತಕ ಇಲ್ಲ.

371ಜೆ ತರಲಿಕ್ಕೆ ಈ ಭಾಗ ಎಷ್ಟು ವರ್ಷ ಹೋರಾಡಿತು ನೆನಪು ಮಾಡ್ಕೊಳ್ರಿ. ಅದರ ಪ್ರಕಾರ ಕಲ್ಯಾಣ ಕರ್ನಾಟಕದ ‘ಸಿ’ ಗುಂಪಿನ ಹುದ್ದೆಗಳಾಗ ಶೇ 80, ‘ಡಿ’ ಗುಂಪಿನಾಗ ಶೇ 85 ಸ್ಥಳೀಯರಿಗೆ, ಅದರೊಳಗೆ ಪರಿಶಿಷ್ಟರ ಪಾಲು. ಮಂಗಲಗಿ ಟೋಲಿನ ಬೂತ್ ಬೀದರ ಜಿಲ್ಲೆಯ ನೆಲದ ಮೇಲೆ ನಿಂತದ, ಆದರೆ ಆ ಬೂತಿನೊಳಗೆ 371ಜೆ ಹೋಗಂಗಿಲ್ಲ, ಮೀಸಲಾತಿ ಹೋಗಂಗಿಲ್ಲ. ಯಾಕಂದ್ರ ಒಳಗಿರೋದು ಖಾಸಗಿ ನೌಕರಿ. ಮತ್ತ ಫಾಸ್ಟ್ಯಾಗ್ 2021ರ ಫೆಬ್ರುವರಿಯಿಂದ ಕಡ್ಡಾಯ ಆದ ಮೇಲೆ ಆ ಬೂತಿನಾಗೂ ಕೈಗಳು ಬೇಕಾಗಿಲ್ಲ.

ಗುತ್ತಿಗೆ ಕಥಿ ಇದಕ್ಕಿಂತ ಹೆಚ್ಚು ಕಟು. ಸರ್ಕಾರಿ ಕಾಮಗಾರಿ ಗುತ್ತಿಗೆಯಾಗ ಪರಿಶಿಷ್ಟ ಜಾತಿಗೆ ಶೇ 17.15, ಪಂಗಡಕ್ಕೆ ಶೇ 6.95 ಮೀಸಲಾತಿ ಕರ್ನಾಟಕ ತಂದದ. ದೇಶಕ್ಕೇ ಮಾದರಿ, ನಾನು ಹೆಮ್ಮೆಯಿಂದ ಹೇಳ್ತೀನಿ. 2017ರಾಗ ಮಿತಿ 50 ಲಕ್ಷ ಇತ್ತು, 2023ರಾಗ 1 ಕೋಟಿ ಆಯಿತು, 2025ರಾಗ 2 ಕೋಟಿ ಮಾಡೋ ಮಸೂದೆ ಪಾಸಾಗಿ ರಾಜ್ಯಪಾಲರ ಕಡೆಯಿಂದ ರಾಷ್ಟ್ರಪತಿಗೆ ಹೋಯಿತು. ಅಂದ್ರ ಓಣಿಯ ಸಿಸಿ ರಸ್ತೆ, ಚರಂಡಿ ಇವುಗಳಾಗ ನಮ್ಮ ಹುಡುಗ ಗುತ್ತಿಗೆದಾರ ಆಗಬಹುದು. ಸಾವಿರ ಕೋಟಿಯ ರಸ್ತೆ ಬಂದಾಗ ಅವನು ಮತ್ತೆ ಬುಟ್ಟಿ ಹೊರುವವನೇ. ಬಂಡವಾಳ ದೊಡ್ಡದಾದಷ್ಟು ಸಂವಿಧಾನ ಸಣ್ಣದಾಗ್ತದ.

ನಮ್ಮ ಹೆಸರಿನಾಗ ರಸ್ತೆಗೆ ರೊಕ್ಕ ಹೋಗಿದ್ದೂ ಮರೀಬಾರದು. 2013ರ ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆಯ 7(ಡಿ) ಕಲಂ ನೆನಪದ ಅಲ್ಲ? ದೊಡ್ಡ ರಸ್ತೆ, ಸೇತುವೆ ಕಟ್ಟಿದಾಗ ‘ಇದನ್ನ ದಲಿತರೂ ಬಳಸ್ತಾರ’ ಅಂತ ಒಂದು ಪಾಲು ನಮ್ಮ ಖಾತೆಗೆ ಖರ್ಚು ಬರೀತಿದ್ದರು. ಹತ್ತು ವರ್ಷ ಬಡಿದಾಡಿ 2023ರಾಗ ಆ ಕಲಂ ತೆಗೆಸಿದೆವು. ಬಳಸ್ತಾರ ಅಂತ ನಮ್ಮ ರೊಕ್ಕದಾಗ ಪಾಲು ಹಿಡಿದವರು, ಬಳಸಿದಾಗ ಟೋಲ್ ಬ್ಯಾರೆ ಕೇಳ್ತಾರ.

ಭೂಮಿಯ ವಿಷಯ ಚಿಕ್ಕದಾಗಿ ಹೇಳ್ತೀನಿ, ಅದು ಇನ್ನೊಂದು ಪೋಸ್ಟಿನಷ್ಟು ಅದ. 2013ರ ಭೂಸ್ವಾಧೀನ ಕಾಯ್ದೆ ಸಹಭಾಗಿತ್ವದ ಯೋಜನೆಗೆ ಶೇ 70 ಸಂತ್ರಸ್ತ ಕುಟುಂಬಗಳ ಒಪ್ಪಿಗೆ ಬೇಕು ಅಂತದ. ಓದಿ ಖುಷಿ ಆಗಬ್ಯಾಡ್ರಿ, ರಾಷ್ಟ್ರೀಯ ಹೆದ್ದಾರಿ ಕಾಯ್ದೆಯನ್ನ ಅದರ ನಾಲ್ಕನೇ ಅನುಸೂಚಿಯಾಗ ಹಾಕಿ ಹೊರಗಿಟ್ಟಾರ. 2015ರಿಂದ ಪರಿಹಾರದ ದರ ಮಾತ್ರ ಹೊಸ ಕಾಯ್ದೆಯದ್ದು, ಒಪ್ಪಿಗೆ ಕೇಳೋದು ಇಲ್ಲ. ಪರಿಹಾರವೂ ಪಹಣಿಯಾಗ ಹೆಸರಿದ್ದವರಿಗೆ. ಗಾಯರಾಣದ ಮೇಲೆ ಮೂರು ತಲೆಮಾರು ಉಳುಮೆ ಮಾಡಿದವನಿಗೆ, ಪಾಲಿಗೆ ಹೊಲ ಮಾಡಿದವನಿಗೆ ಪಹಣಿ ಎಲ್ಲಿಂದ ಬರಬೇಕು?

ಇಷ್ಟು ಹೇಳಿದ ಮೇಲೆ ನೀವು ಕೇಳ್ತೀರಿ, ಹಂಗಾದ್ರ ರಸ್ತೆನೇ ಬ್ಯಾಡೇನು? ಬೇಕು. ನಾಲ್ಕು ಪಥ ಆದ ಮೇಲೆ ಹೈದರಾಬಾದ್ ಎಷ್ಟು ಸಮೀಪ ಬಂತು ಅಂತ ನನಗೂ ಗೊತ್ತದ. ಔರಾದಿನ ಗರ್ಭಿಣಿ ಬೀದರ ತಲುಪಬೇಕಾದ್ರ 161ಎ ಹೆದ್ದಾರಿ ಚೆಂದ ಇರಲೇಬೇಕು. ನನ್ನ ತಕರಾರು ರಸ್ತೆ ಮೇಲೆ ಅಲ್ಲ, ಲೆಕ್ಕದ ಮೇಲೆ. ‘ಸರ್ಕಾರದ ಬಲ್ಲಿ ರೊಕ್ಕ ಇಲ್ಲ, ಅದಕ್ಕೇ ಖಾಸಗಿ’ ಅಂತಾರ. 2016ರಿಂದ ಚಾಲ್ತಿಗೆ ಬಂದ ಹೈಬ್ರಿಡ್ ಆನ್ಯುಟಿ ಪದ್ಧತಿ ನೋಡ್ರಿ, ಮೈಸೂರು ರಸ್ತೆ ಆಗಿದ್ದು ಅದರಾಗೇ. ಕಟ್ಟುವಾಗಲೇ ಶೇ 40 ಸರ್ಕಾರ ಕೊಡ್ತದ, ಉಳಿದ ಶೇ 60 ಬಡ್ಡಿ ಸಮೇತ 15 ವರ್ಷ ಕಂತಿನಾಗ ಕೊಡ್ತದ. ಇದರಾಗ ಖಾಸಗಿಯವರ ಭಾಗ ಯಾವುದು ಅಂತ ಭೂತಗನ್ನಡಿ ಹಿಡಿದು ಹುಡುಕಬೇಕು. ಮೆಕ್ಸಿಕೊ ದೇಶ 1987ರಿಂದ ಹಿಂಗೇ 52 ಟೋಲ್ ರಸ್ತೆ ಖಾಸಗಿಗೆ ಕೊಟ್ಟಿತು. ಟೋಲ್ ಜಾಸ್ತಿ ಆಗಿ ಲಾರಿಗಳು ಹಳೆ ರಸ್ತೆನೇ ಹಿಡಿದವು, ಸಾಲ ಮುಳುಗಿತು, 1997ರಾಗ 23 ರಸ್ತೆಗಳನ್ನ ಸಾಲ ಸಮೇತ ಸರ್ಕಾರವೇ ವಾಪಸ್ ಹೊತ್ತುಕೊಂಡಿತು.

ನಮ್ಮಲ್ಲೇ ದೆಹಲಿ–ನೋಯ್ಡಾ ಡಿಎನ್‌ಡಿ ಸೇತುವೆ ರಸ್ತೆ ಅದ. ಕಂಪನಿಗೆ ವರ್ಷಕ್ಕೆ ಶೇ 20 ಲಾಭ ಗ್ಯಾರಂಟಿ, ಕಡಿಮೆ ಬಿದ್ದದ್ದು ಅಸಲಿಗೆ ಕೂಡಿಸೋದು ಅಂತ ಒಪ್ಪಂದ ಬರೆದಿದ್ದರು. ಅಂದ್ರ ಸಾಹುಕಾರನ ಚಕ್ರಬಡ್ಡಿ, ಎಂದೂ ತೀರೋದಲ್ಲ. ನಮ್ಮ ಅಜ್ಜಂದಿರು ಹೆಬ್ಬೆಟ್ಟು ಒತ್ತಿದ ಜೀತದ ಕಾಗದ ಬ್ಯಾರೆ ಏನಿತ್ತು? 2016ರಾಗ ಅಲಹಾಬಾದ್ ಹೈಕೋರ್ಟ್ ಆ ಟೋಲ್ ನಿಲ್ಲಿಸಿತು, 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಇನ್ನು ಬೆಳಗಾವಿ–ಕಾಗಲ್ ಹೆದ್ದಾರಿಯ ಟೋಲ್ 2021ರಿಂದ ಒಂದು ಹೂಡಿಕೆ ಟ್ರಸ್ಟಿನ ಕೈಯಾಗದ. ಅದರ ದೊಡ್ಡ ಹೂಡಿಕೆದಾರರು ಕೆನಡಾದ ಪಿಂಚಣಿ ನಿಧಿಗಳು, ಒಂದು ಅಲ್ಲಿನ ಶಿಕ್ಷಕರದ್ದು. ಅವರ ಮೇಲೆ ನನಗ ಸಿಟ್ಟಿಲ್ಲ, ಮುಪ್ಪಿನಾಗ ಪಿಂಚಣಿ ಎಲ್ಲರಿಗೂ ಬೇಕು. ಆದರೆ ಹಳೆ ಪಿಂಚಣಿ ಕೇಳಿದ ಇಲ್ಲಿನ ನೌಕರನಿಗೆ ‘ರೊಕ್ಕ ಇಲ್ಲ’ ಅನ್ನೋದು, ಇಲ್ಲಿನ ಟೋಲು ಅಲ್ಲಿನ ಪಿಂಚಣಿ ಆಗೋದು, ಇದಕ್ಕೊಂದು ಹೆಸರು ಕೊಡ್ರಿ.

ರಸ್ತೆಗೂ ನಮಗೂ ಸಂಬಂಧ ಏನು ಅಂತ ಕೇಳಿದ ಹುಡುಗರಿಗೆ ವೈಕಂ ನೆನಪು ಮಾಡಿಕೊಡ್ತೀನಿ. 1924ರಾಗ ಆ ಸತ್ಯಾಗ್ರಹ ಶುರುವಾಗಿದ್ದು ಗುಡಿ ಒಳಗೆ ಹೋಗಲಿಕ್ಕಲ್ಲ, ಗುಡಿ ಸುತ್ತಲಿನ ರಸ್ತೆ ಮೇಲೆ ನಡೆಯಲಿಕ್ಕೆ. ಸಂವಿಧಾನದ 15(2)ನೇ ವಿಧಿ ಓದ್ರಿ. ಬಾವಿ, ಕೆರೆ, ಸ್ನಾನಘಟ್ಟದ ಜೊತೆಗೆ ‘ರಸ್ತೆ’ ಅಂತ ಬಿಡಿಸಿ ಬರೆದಾರ, ಪೂರ್ತಿಯಾಗಿ ಅಥವಾ ಭಾಗಶಃ ಸರ್ಕಾರದ ರೊಕ್ಕದಾಗ ನಡೆಯುವ ರಸ್ತೆ ಅಂತ. ಟೋಲ್ ಜಾತಿ ಕೇಳೋದಿಲ್ಲ, ಒಪ್ಪುತೀನಿ, ಕೋರ್ಟಿನಾಗ ಈ ವಿಧಿ ಹಿಡಿದು ಟೋಲ್ ನಿಲ್ಲಿಸಲಿಕ್ಕೆ ಬರೋದಿಲ್ಲ. ಆದರೆ ಸಾರ್ವಜನಿಕ ಅನ್ನೋದು ಸಾರ್ವಜನಿಕವಾಗೇ ಉಳಿದ್ರ ನಮಗ ಬಾಗಿಲು ಅದ ಅಂತ ಬಾಬಾಸಾಹೇಬರಿಗೆ ಗೊತ್ತಿತ್ತು. 1947ರ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ನಾಗ ಮೂಲ ಉದ್ದಿಮೆಗಳು ಸರ್ಕಾರದ್ದೇ ಇರಬೇಕು, ಅದೂ ಸಂವಿಧಾನದಾಗೇ ಬರೆದಿಡಬೇಕು ಅಂತ ಅವರು ಕೇಳಿದ್ದು ಸುಮ್ಮನಲ್ಲ.

ಹೋರಾಡಿದ್ರ ಆಗ್ತದೇನು? ಆಗ್ಯಾದ. ನಿಯಮದ ಪ್ರಕಾರ ಒಂದೇ ಹೆದ್ದಾರಿ ಮೇಲೆ 60 ಕಿ.ಮೀ. ಒಳಗೆ ಎರಡು ಟೋಲ್ ಇರಬಾರದು, ವಿನಾಯಿತಿ ಕೊಟ್ರ ಕಾರಣ ಬರೀಬೇಕು. 2022ರ ಮಾರ್ಚಿನಾಗ ಗಡ್ಕರಿಯವರು ಸಂಸತ್ತಿನಾಗೇ ಅಂಥ ಟೋಲ್ ಮೂರು ತಿಂಗಳಾಗ ಮುಚ್ಚತೀವಿ ಅಂದರು. ಸುರತ್ಕಲ್ಲಿನ ಟೋಲಿಗೂ ಹೆಜಮಾಡಿ ಟೋಲಿಗೂ ನಡುವೆ 20 ಕಿ.ಮೀ. ಸಹ ಇರಲಿಲ್ಲ, ಮೂರು ತಿಂಗಳು ಹೋಗಿ ಮತ್ತೆ ಮೂರು ತಿಂಗಳು ಆದ್ರೂ ಮುಚ್ಚಲಿಲ್ಲ. ಅಕ್ಟೋಬರ್ ಕೊನೆಗೆ ಮಂದಿ ಹಗಲು ರಾತ್ರಿ ಧರಣಿ ಕೂತರು, ಡಿಸೆಂಬರ್ 1ಕ್ಕೆ ಟೋಲ್ ಮುಚ್ಚಿತು. 2025ರ ಆಗಸ್ಟಿನಾಗ ಕೇರಳದ ಪಾಲಿಯೆಕ್ಕರ ಟೋಲನ್ನ ರಸ್ತೆ ಹದಗೆಟ್ಟದ ಅಂತ ಹೈಕೋರ್ಟ್ ತಡೆದಾಗ, ಸುಪ್ರೀಂ ಕೋರ್ಟ್ ಆ ಆದೇಶಕ್ಕ ಕೈ ಹಚ್ಚಲಿಲ್ಲ.

ನಮ್ಮ ಜಿಲ್ಲೆಯಾಗ ಮೊದಲು ಕಾಗದ ಕೂಡಿಸೋಣ. ಹೈದರಾಬಾದ್, ಸೋಲಾಪುರ, ಕಲಬುರಗಿಗೆ ಹೋಗಿ ಬರೋರು ಬಸ್ ಟಿಕೆಟಿನ ಫೋಟೊ, ಟ್ಯಾಕ್ಸಿ ಹುಡುಗರು ಫಾಸ್ಟ್ಯಾಗ್ ಕಡಿತದ ಮೆಸೇಜ್ ನನಗ ಕಳಿಸ್ರಿ, ತಾರೀಖು ಕಾಣೋ ಹಂಗ. ಹೆದ್ದಾರಿ ಪ್ರಾಧಿಕಾರದ ಟೋಲ್ ಮಾಹಿತಿ ಜಾಲತಾಣದಾಗ ಯೋಜನೆಯ ವೆಚ್ಚ, ಇಲ್ಲಿ ತನಕ ಎತ್ತಿದ ಟೋಲ್, ಮುಗಿಯೋ ದಿನ ಹಾಕಿರ್ತಾರ, ಮೊಬೈಲಿನಾಗೇ ತೆಗೆದು ನೋಡ್ರಿ. ಅಲ್ಲಿ ಇಲ್ಲದ್ದನ್ನ ಮಾಹಿತಿ ಹಕ್ಕಿನಾಗ ಕೇಳೋಣ: ಅವಧಿ ಎಷ್ಟು ಸಲ ವಿಸ್ತರಣೆ ಆಗ್ಯಾದ, ಟೋಲ್ ಮತ್ತು ದುರಸ್ತಿ ಕೆಲಸದಾಗ ಜಿಲ್ಲೆಯವರು ಎಷ್ಟು ಮಂದಿ, ಅದರಾಗ ಪರಿಶಿಷ್ಟರು ಎಷ್ಟು, ಅವರ ಪಿಎಫ್ ಕಟ್ಟ್ಯಾರೋ ಇಲ್ಲೋ. ಅರ್ಜಿ ಫೀ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ಒಕ್ಕಣಿ ನಾನು ಬರೆದು ಕೊಡ್ತೀನಿ. ಭಾಲ್ಕಿಯವರು, ಔರಾದಿನವರು ಭಾನುವಾರ ಹತ್ತು ಗಂಟೆ ಮೇಲೆ ಬೀದರದ ಅಂಬೇಡ್ಕರ್ ವೃತ್ತದ ಬಲ್ಲಿ ಬರ್ರಿ, ಬರುವಾಗ ಟಿಕೆಟ್ ಬಿಸಾಕಬ್ಯಾಡ್ರಿ.

ಜೈ ಭೀಮ್.